ಕೆಂಗೇರಿಗೆ ತನ್ನದೇ ವಾರ್ಡ್ ಸಮಿತಿ ಬೇಕು

ಮಾನ್ಯರೇ,

ಬೆಂಗಳೂರನ್ನು ಐದು ಪಾಲಿಕೆಗಳಾಗಿ ವಿಂಗಡಿಸಿರುವ ಕುರಿತ ಚರ್ಚೆಯ ನಡುವೆ, ಒಂದು ಕಾಲಕ್ಕೆ ಸ್ವಂತ ಪುರಸಭೆ ಹೊಂದಿದ್ದ ಕೆಂಗೇರಿಯಂತಹ ಹೊರವಲಯದ ಊರುಗಳಿಗೆ ಸ್ಥಳೀಯವಾಗಿ ದನಿಯೇ ಇಲ್ಲದಂತಾಗಿರುವುದು ಯಾರ ಗಮನಕ್ಕೂ ಬಂದಂತಿಲ್ಲ. 2007ರಲ್ಲಿ ಏಳು ನಗರಸಭೆಗಳು, 110 ಹಳ್ಳಿಗಳು ಹಾಗೂ ಒಂದು ಪುರಸಭೆಯನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಆ ಒಂದು ಪುರಸಭೆ ಕೆಂಗೇರಿಯದು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ನಂತರ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು.

ಪುರಸಭೆಯಿದ್ದಾಗ ಎಲ್ಲವೂ ಸೊಗಸಾಗಿತ್ತೆಂದು ನಾನು ಹೇಳುತ್ತಿಲ್ಲ, ಆದರೆ ಸದಸ್ಯರ ಮನೆ ಎಲ್ಲಿದೆಯೆಂಬುದು ಊರಿಗೇ ಗೊತ್ತಿತ್ತು. ಈಗ ನಮ್ಮ ಬೀದಿಯ ಚರಂಡಿಯ ಚಪ್ಪಡಿ ಮುರಿದು ಮೂರು ತಿಂಗಳಾಗಿದ್ದು, ಯಾರೋ ಪುಣ್ಯಾತ್ಮರು ಆ ಗುಂಡಿಗೆ ಹೊಂಗೆ ಕೊಂಬೆ ನೆಟ್ಟು ಹೋಗಿದ್ದಾರೆ. ಅರ್ಜಿ ಹಿಡಿದು ಹೋದವರನ್ನು ಒಂದು ಕಚೇರಿ ಇನ್ನೊಂದಕ್ಕೆ ಕಳುಹಿಸುತ್ತಿದೆ. ಮಳೆ ಬಂದಾಗ ವೃಷಭಾವತಿ ನದಿಯ ನೊರೆ, ದುರ್ವಾಸನೆಗಳ ಬಗ್ಗೆ ದೂರುವುದು ಯಾರ ಬಳಿ ಎಂಬುದಂತೂ ಇನ್ನೂ ಬಗೆಹರಿದಿಲ್ಲ.

ವಾರ್ಡ್ ಸಮಿತಿಗಳಿಗೆ ಸಂವಿಧಾನದ 74ನೇ ತಿದ್ದುಪಡಿಯಲ್ಲಿಯೇ ಅವಕಾಶವಿದೆ. ಆದ್ದರಿಂದ ಹೊಸ ಪಾಲಿಕೆಯು ಪ್ರತಿ ತಿಂಗಳು ನಿಗದಿತ ದಿನದಂದು ಕೆಂಗೇರಿಯಲ್ಲಿಯೇ ವಾರ್ಡ್ ಸಮಿತಿಯ ಸಭೆ ನಡೆಸಿ, ಅದರ ನಡಾವಳಿಯನ್ನು ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸಲಿ.

– ಓರ್ವ ಹಿರಿಯ ನಾಗರಿಕ, ಕೆಂಗೇರಿ, ಬೆಂಗಳೂರು