ನನಗೆ ಕೇಳಿಸಿಕೊಂಡು ಓದಲು ಬಿಡಿ: ವಿಕಲಚೇತನರ ಸಬಲೀಕರಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹನ್ನೊಂದು ವರ್ಷದಿಂದ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದೇನೆ. ನನಗೆ ಡಿಸ್ಲೆಕ್ಸಿಯಾ ಇದೆ, ಅಂದರೆ ಬುದ್ಧಿ ಸರಿಯಿದ್ದರೂ ಓದುವುದು, ಬರೆಯುವುದು ಕಷ್ಟವಾಗುವ ಕಲಿಕಾ ತೊಂದರೆ. ಓದು ಹತ್ತದ ಮಗನನ್ನು 2019ರಲ್ಲಿ ವೈದ್ಯರ ಬಳಿ ಕರೆದೊಯ್ದಾಗಲೇ ಅದು ನನಗೂ ಇದೆಯೆಂದು ಗೊತ್ತಾಗಿದ್ದು. ಅಲ್ಲಿಯವರೆಗೆ ನಾನು ದಡ್ಡನೆಂದೇ ನಂಬಿದ್ದೆ.

ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟುಕೊಂಡು ಓದುತ್ತೇನೆ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತೇನೆ. ಅರ್ಕಾವತ್ತಂತೂ ನುಡಿಯುವಾಗ ಮೊದಲು, ಬರೆಯುವಾಗ ಆಮೇಲೆ; ಇವತ್ತಿಗೂ ಅದು ನನಗೆ ಒಲಿದಿಲ್ಲ. ಒಮ್ಮೆ ಸರ್ವೆ ನಂಬರ್ 169 ಅನ್ನು 196 ಎಂದು ಬರೆದು ಮೆಮೊ ತಿಂದೆ. ತಪ್ಪು ನನ್ನದೇ, ಒಪ್ಪಿಕೊಂಡೆ. ಉತ್ತರದ ಜೊತೆ ವೈದ್ಯರ ಪತ್ರವನ್ನೂ ಲಗತ್ತಿಸಿ, ಕಂಪ್ಯೂಟರಿಗೆ ಓದಿ ಹೇಳುವ ತಂತ್ರಾಂಶ ಹಾಕಿಸಿಕೊಡಿ, ಒಂದು ಹೆಡ್‌ಫೋನ್ ಕೊಡಿ ಎಂದು ಕೇಳಿದೆ.

ಮೇಲಧಿಕಾರಿ ನನ್ನನ್ನು ಕೌಂಟರಿನ ಹತ್ತಿರ ನಿಲ್ಲಿಸಿ, ಯಾರದೋ ಅರ್ಜಿ ಕೈಗಿಟ್ಟು, ಜೋರಾಗಿ ಓದು ಎಂದರು. ಜನ ಸಾಲುಗಟ್ಟಿ ನಿಂತಿದ್ದರು. ಎರಡನೇ ಸಾಲಿಗೇ ತಡವರಿಸಿದೆ. "ಕೈಕಾಲು ನೆಟ್ಟಗಿದೆ, ಕಣ್ಣು ಕಾಣುತ್ತೆ, ಇದ್ಯಾವ ಅಂಗವಿಕಲತೆ? ಒಂದನೇ ಕ್ಲಾಸಿಗೆ ಸೇರಿಸ್ರಯ್ಯ ಇವನನ್ನ" ಎಂದರು. ಅರ್ಜಿ ಕೊಟ್ಟಿದ್ದ ರೈತ ಬಂದು, ನನ್ನ ಕೈಯಿಂದ ಮೆಲ್ಲಗೆ ಕಾಗದ ತೆಗೆದುಕೊಂಡು ಮಡಚಿ ಜೇಬಿಗಿಟ್ಟುಕೊಂಡ. ನನ್ನ ಮುಖ ನೋಡಲಿಲ್ಲ. ಆ ದಿನ ಊಟದ ಡಬ್ಬಿ ಬಿಚ್ಚದೆ ಮನೆಗೆ ಹೋದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಅದರ ಅನುಸೂಚಿಯಲ್ಲಿ ಡಿಸ್ಲೆಕ್ಸಿಯಾ ಹೆಸರು ಹೇಳಿಯೇ ಇದೆ, ಒಡನಾಟ, ಸದ್ದು-ಬೆಳಕಿನ ಅನುಭವ ಬೇರೆಯಾಗಿರುವ ಆಟಿಸಂ ಕೂಡ ಇದೆ. ನೌಕರನಿಗೆ ಸಮಂಜಸ ಅನುಕೂಲ ಮಾಡಿಕೊಡಬೇಕೆಂದು 20ನೇ ಕಲಂ, ಪ್ರತಿ ಸರ್ಕಾರಿ ಕಚೇರಿಯಲ್ಲೂ ಕುಂದುಕೊರತೆ ಅಧಿಕಾರಿ ಇರಬೇಕೆಂದು 23ನೇ ಕಲಂ. ನಮ್ಮ ಕಚೇರಿಯಲ್ಲಿ ಆ ಅಧಿಕಾರಿ ಯಾರೆಂದು ಮೂರು ಟೇಬಲ್ ಸುತ್ತಿ ವಿಚಾರಿಸಿದೆ. ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದಿದ್ದರೆ ಕಾಯ್ದೆ ಯಾರಿಗಾಗಿ ಮಾಡಿದಿರಿ ಸ್ವಾಮಿ?

ಕೊನೆಗೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವನ್ನು ನಾನೇ ಹಾಕಿಕೊಂಡೆ. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ನಮಗೆ ಬರುವ ಕಡತಗಳು ಇನ್ನೂ ಹಳೆಯ ನುಡಿ ಫಾಂಟಿನಲ್ಲಿವೆ; ಕಂಪ್ಯೂಟರು ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ನಲ್ಲಿ ಅಲ್ಲ. ಪರದೆಯ ಮೇಲೆ "ಕರ್ನಾಟಕ" ಎಂದು ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಕಿವಿಗೆ ಬೀಳುವುದು ಪಿ, ಎ, ಪೌಂಡ್, ಎಲ್. ಇನ್ನುಳಿದವು ಸ್ಕ್ಯಾನ್ ಮಾಡಿದ ಚಿತ್ರಗಳು, ಅವುಗಳ ಮುಂದೆ ತಂತ್ರಾಂಶ ಮೂಕ. ಕನ್ನಡದಲ್ಲೇ ಆಡಳಿತ ನಡೆಸುವ ಸರ್ಕಾರದ ಕಾಗದ ಕನ್ನಡವಾಗಿ ಕೇಳಿಸುವುದಿಲ್ಲ ಎಂದರೆ ಹೊಟ್ಟೆ ಉರಿಯುತ್ತದೆ.

ನಾನು ಬಡ್ತಿ ಕೇಳುತ್ತಿಲ್ಲ. ಸುತ್ತೋಲೆಗಳು ಯೂನಿಕೋಡ್‌ನಲ್ಲಿ ಬರಲಿ. ಕೇಳಿದ ನೌಕರನಿಗೆ ತಂತ್ರಾಂಶ, ಹೆಡ್‌ಫೋನ್ ಸಿಗಲಿ. ಟ್ಯೂಬ್‌ಲೈಟಿನ ಗುಂಯ್ಗುಟ್ಟುವಿಕೆಗೇ ತಲೆ ಸಿಡಿಯುವ ಆಟಿಸಂ ಇರುವವರಿಗೆ ಸದ್ದಿಲ್ಲದ ಮೂಲೆಯೊಂದು ಸಿಗಲಿ. ಕುಂದುಕೊರತೆ ಅಧಿಕಾರಿಯ ಹೆಸರು ಪ್ರತಿ ಕಚೇರಿಯ ನೋಟಿಸ್ ಬೋರ್ಡಿಗೆ ಬರಲಿ. ಮತ್ತೆ ಹೇಳುತ್ತೇನೆ, ಯೂನಿಕೋಡ್‌ನಲ್ಲಿ ಬರಲಿ.

ಈ ಪತ್ರಕ್ಕೆ ಉತ್ತರ ಕಳಿಸುವುದಾದರೂ ದಯವಿಟ್ಟು ಸ್ಕ್ಯಾನ್ ಮಾಡಿ ಕಳಿಸಬೇಡಿ. ಯೂನಿಕೋಡ್‌ನಲ್ಲಿ ಕಳಿಸಿ, ಕೇಳಿಸಿಕೊಳ್ಳುತ್ತೇನೆ.

ಇಂತಿ,
ಒಬ್ಬ ದ್ವಿತೀಯ ದರ್ಜೆ ಸಹಾಯಕ