ಬಾವಿ ತೋಡುವ ಮುನ್ನ ಹಿರಿಯರನ್ನು ಕೇಳಲಿ

ಪೂರ್ವ ಆಫ್ರಿಕಾದ ಬರಗಾಲದ ಬಗ್ಗೆ ಪ್ರಕಟವಾಗುವ ವರದಿಗಳಲ್ಲಿ ಸತ್ತ ದನಕರುಗಳ ಚಿತ್ರ ಇರುತ್ತದೆಯೇ ಹೊರತು, ಅಲ್ಲಿನ ಜನ ತಲೆಮಾರುಗಳಿಂದ ನೀರು ಹಂಚಿಕೊಂಡು ಬಂದ ವ್ಯವಸ್ಥೆಯ ಪ್ರಸ್ತಾಪ ಇರುವುದಿಲ್ಲ. ದಕ್ಷಿಣ ಇಥಿಯೋಪಿಯಾದ ಬೋರಾನಾ ಪಶುಪಾಲಕರ ‘ಗದಾ’ ಎಂಬ ಸಾಂಪ್ರದಾಯಿಕ ಆಡಳಿತ ಪದ್ಧತಿಯಲ್ಲಿ ನಾಯಕತ್ವ 8 ವರ್ಷಕ್ಕೊಮ್ಮೆ ಕೈ ಬದಲಾಗುತ್ತದೆ. ಅಷ್ಟೇ ಅವಧಿಗೊಮ್ಮೆ ‘ಗುಮಿ ಗಾಯೋ’ ಎಂಬ ಮಹಾಸಭೆ ಸೇರಿ ಕಾನೂನುಗಳನ್ನು ಪರಿಶೀಲಿಸುತ್ತದೆ. ಯುನೆಸ್ಕೊ 2016ರಲ್ಲಿ ಈ ಪದ್ಧತಿಯನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಅಲ್ಲಿನ ಆಳವಾದ ಬಾವಿಗಳಲ್ಲಿ ಒಬ್ಬರ ಮೇಲೊಬ್ಬರಂತೆ ನಿಂತ ಗಂಡಸರು ಹಾಡುತ್ತಾ, ಬಕೆಟ್‌ಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲಿನ ಮಣ್ಣಿನ ತೊಟ್ಟಿಯನ್ನು ತುಂಬಿಸುತ್ತಾರೆ. ಯಾರ ದನ ಯಾವ ದಿನ, ಯಾರ ನಂತರ ನೀರು ಕುಡಿಯಬೇಕೆಂಬುದನ್ನು ಬಾವಿಯ ಮಂಡಳಿ ನಿರ್ಧರಿಸುತ್ತದೆ. ಸರದಿ ತಪ್ಪದಂತೆ ನೋಡಿಕೊಳ್ಳಲು ‘ಅಬ್ಬಾ ಹೆರೆಗಾ’ ಎಂಬ ಉಸ್ತುವಾರಿ ಇರುತ್ತಾನೆ. ನೀರಿಗೆ ಹಣ ಕೊಡಬೇಕಿಲ್ಲ, ಆದರೆ ದುಡಿಮೆ ತಪ್ಪಿಸಿಕೊಳ್ಳುವಂತಿಲ್ಲ. ಗದಾ ಹುದ್ದೆಗಳು ಗಂಡಸರಿಗಷ್ಟೇ ಮೀಸಲಾಗಿರುವುದು ಮಾತ್ರ ದೊಡ್ಡ ಕೊರತೆಯೇ ಸರಿ.

ಇಂಥ ವ್ಯವಸ್ಥೆಯನ್ನು ಬದಿಗಿಟ್ಟು ಹೊರಗಿನ ಯೋಜನೆಗಳು ಮಳೆಗಾಲದ ಹುಲ್ಲುಗಾವಲುಗಳಲ್ಲಿ ಹೊಂಡಗಳನ್ನು ತೋಡಿದ್ದರಿಂದ, ಕೆಲವೇ ತಿಂಗಳು ಮೇಯಿಸುತ್ತಿದ್ದ ಜಾಗಗಳಲ್ಲಿ ದನಗಳು ವರ್ಷವಿಡೀ ಬೀಡುಬಿಟ್ಟು ಹುಲ್ಲಿಗೆ ಚಿಗುರಲು ಬಿಡುವೇ ಸಿಗದಂತಾಯಿತು. ಆದ್ದರಿಂದ ಹೊಸ ನೀರಿನ ನೆಲೆ ಎಲ್ಲಿರಬೇಕೆಂಬ ತೀರ್ಮಾನವನ್ನು ನೆರವು ಸಂಸ್ಥೆಗಳು ಈ ಮಂಡಳಿಗಳಿಗೇ ಬಿಟ್ಟು, ಹಳೆಯ ಬಾವಿಗಳ ಹೂಳು ತೆಗೆಯಲು ಹಣ ಒದಗಿಸುವುದು ಸೂಕ್ತ. ಪತ್ರಿಕೆಯೂ ಬರಗಾಲದ ಸುದ್ದಿಯ ಜೊತೆಗೆ ಇಂಥ ಮಂಡಳಿಗಳನ್ನು ಓದುಗರಿಗೆ ಪರಿಚಯಿಸಬೇಕೆಂದು ಕೋರುತ್ತೇನೆ.

– ಓದುಗ, ಧಾರವಾಡ