ಓದಿಸಿದ ಗಿಮ್ಲಿಗೆ ಥ್ಯಾಂಕ್ಸ್

ಮೊನ್ನೆ ರಿಸಲ್ಟ್ ಬಂತು. ಕೆನಡಾದಲ್ಲಿ ನರ್ಸ್ ಆಗಲು ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿದ್ದೇನೆ. ಹಾಸನದಲ್ಲಿ ನರ್ಸಿಂಗ್ ಓದಿದವಳು ನಾನು. ಇಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಗಿಮ್ಲಿ ಅನ್ನುವ ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಕಡೆ ಸಹಾಯಕಿಯಾಗಿ ನೈಟ್ ಡ್ಯೂಟಿ ಮಾಡುತ್ತಾ ಓದಿದೆ. ಕೋಚಿಂಗಿಗೆ ಕಟ್ಟುವಷ್ಟು ದುಡ್ಡು ಇರಲಿಲ್ಲ. ಹಾಗಂತ ಒಬ್ಬಳೇ ಓದಿದೆ ಅಂದರೆ ಸುಳ್ಳಾಗುತ್ತದೆ. ಓದಿಸಿದವರಿದ್ದಾರೆ. ಅವರ ಋಣವನ್ನು ಎಲ್ಲರ ಮುಂದೆ ಹೇಳಬೇಕು ಅನಿಸಿತು.

ಮೊದಲು ಪಕ್ಕದ ಮನೆಯ ಅಜ್ಜಿ. ಐಸ್‌ಲ್ಯಾಂಡಿನಿಂದ ಬಂದು ಈ ಊರು ಕಟ್ಟಿದವರ ವಂಶದವರು. ಟೀಚರ್ ಅಲ್ಲ, ನರ್ಸೂ ಅಲ್ಲ. ವಿನ್ನಿಪೆಗ್ ಸರೋವರದಲ್ಲಿ ಮೀನು ಹಿಡಿಯುವ ಮನೆತನ. ಸಂಜೆ ಡ್ಯೂಟಿಗೆ ಹೊರಡುವ ಮುಂಚೆ ನಾನು ಚಪಾತಿ ಲಟ್ಟಿಸುತ್ತಿದ್ದರೆ, ಅಜ್ಜಿ ಸ್ಟೂಲ್ ಮೇಲೆ ಕೂತು ನನ್ನ ಪ್ರಶ್ನೆ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು. ಮೂತ್ರ ಹೆಚ್ಚಿಸುವ ಔಷಧಿ ಫ್ಯುರೋಸೆಮೈಡ್ ತೆಗೆದುಕೊಳ್ಳುವ ರೋಗಿಯ ರಕ್ತದಲ್ಲಿ ಏನನ್ನು ಗಮನಿಸಬೇಕು? "ಪೊಟ್ಯಾಷಿಯಂ" ಅನ್ನುತ್ತಿದ್ದೆ. "ಯಾಕೆ?" ಅಂತ ಕೇಳುತ್ತಿದ್ದರು. ಮೂತ್ರ ಜಾಸ್ತಿ ಹೋಗುವಾಗ ಪೊಟ್ಯಾಷಿಯಂ ಕೂಡ ಹೋಗುತ್ತದೆ, ತುಂಬಾ ಕಮ್ಮಿಯಾದರೆ ಎದೆಬಡಿತವೇ ಏರುಪೇರಾಗುತ್ತದೆ ಅಂತ ಬಿಡಿಸಿ ಹೇಳಬೇಕಿತ್ತು. ಅವರಿಗೆ ಅರ್ಥವಾಗುವ ತನಕ ಮುಂದಿನ ಪ್ರಶ್ನೆ ಇಲ್ಲ! ಬಾಯಿಪಾಠ ಮಾಡಿದ ಉತ್ತರಗಳೆಲ್ಲ ಅಲ್ಲೇ ಉದುರಿಹೋಗುತ್ತಿದ್ದವು. ನನಗೆ ನಿಜವಾಗಿ ಪಾಠ ಆಗಿದ್ದು ಆ "ಯಾಕೆ"ಯಿಂದ.

ಹೀಗೆ ಕೆಲಸದ ನಡುವೆ ಗಟ್ಟಿಯಾಗಿ ಓದುವುದು ಅಜ್ಜಿಯ ಜನಕ್ಕೆ ಹೊಸದೇನಲ್ಲ. ಹಿಂದೆ ಐಸ್‌ಲ್ಯಾಂಡಿನಲ್ಲಿ ಶಾಲೆಗಳು ತೀರಾ ಕಮ್ಮಿ. ಮಕ್ಕಳು ಓದು ಕಲಿಯುತ್ತಿದ್ದದ್ದು ಮನೆಯಲ್ಲೇ. ಚಳಿಗಾಲದ ಉದ್ದನೆಯ ಸಂಜೆಗಳಲ್ಲಿ ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ಉಣ್ಣೆ ಹಿಂಜುವವರು, ನೂಲುವವರು, ಹೆಣೆಯುವವರು. ಅವರ ನಡುವೆ ಒಬ್ಬರು ಹಳೆಯ ವೀರಕಥೆಗಳನ್ನು ಓದುತ್ತಿದ್ದರು. ಕ್ವೋಲ್ಡ್‌ವಾಕಾ ಅನ್ನುತ್ತಾರೆ ಇದಕ್ಕೆ. ಕೈಗೆ ಕೆಲಸ, ಕಿವಿಗೆ ಓದು. ನಮ್ಮ ಅಡುಗೆಮನೆಯಲ್ಲಿ ನಡೆದದ್ದೂ ಅದೇ ಅಲ್ವಾ?

ಇದೇ ಜನ 1875ರ ಅಕ್ಟೋಬರಿನಲ್ಲಿ ಈ ದಡಕ್ಕೆ ಬಂದಿಳಿದರು. ಇನ್ನೂರಕ್ಕೂ ಹೆಚ್ಚು ಮಂದಿ. ಚಳಿಗಾಲ ತಲೆಯ ಮೇಲೇ ಬಂದಿತ್ತು. ಮರುವರ್ಷ ಸಿಡುಬು ಬಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು, ಹೆಚ್ಚಿನವರು ಮಕ್ಕಳು. ಇಲ್ಲಿನ ಮೂಲನಿವಾಸಿಗಳಲ್ಲೂ ಎಷ್ಟೋ ಜನ ಹೋದರು. ಊರಿಗೇ ದಿಗ್ಬಂಧನ ಹಾಕಿದ್ದರು. ಅದು ತೆರವಾಗಿದ್ದು 1877ರ ಬೇಸಿಗೆಯಲ್ಲಿ. ಅದೇ ಸೆಪ್ಟೆಂಬರಿನಲ್ಲಿ ಈ ಜನ ತಮ್ಮದೇ ಭಾಷೆಯ ಪತ್ರಿಕೆ ಶುರು ಮಾಡಿದರು, 'ಫ್ರಾಮ್‌ಫಾರಿ' ಅಂತ. ಅಷ್ಟು ಸಾವು ಕಂಡು, ಹೊಟ್ಟೆಗೇ ಸರಿಯಾಗಿ ಇಲ್ಲದಾಗ ಅಚ್ಚಿನ ಯಂತ್ರಕ್ಕೆ ಹಣ ಕೂಡಿಸಿದ್ದರು! ಪತ್ರಿಕೆ 1880ಕ್ಕೆ ನಿಂತಿತು, ನಿಜ. ಆದರೆ ಆಮೇಲೆ ಬಂದ 'ಹೈಮ್ಸ್‌ಕ್ರಿಂಗ್ಲಾ' ಮತ್ತು 'ಲೋಗ್‌ಬೆರ್ಗ್' 1959ರಲ್ಲಿ ಒಂದಾಗಿ ಈಗಲೂ ನಡೆಯುತ್ತಿವೆ.

ಅಜ್ಜಿ ಹೇಳಿದ್ದರಲ್ಲಿ ನನ್ನನ್ನು ಬಿಡದೆ ಕಾಡಿದ್ದು ಕವಿ ಸ್ಟೆಫಾನ್ ಜಿ. ಸ್ಟೆಫಾನ್‌ಸನ್ ಅವರ ವಿಷಯ. ಐಸ್‌ಲ್ಯಾಂಡಿನಲ್ಲಿ ಹುಡುಗನಾಗಿದ್ದಾಗ, ದೊಡ್ಡ ಶಾಲೆಗೆ ಸೇರಲು ಕುದುರೆಯೇರಿ ಹೊರಟ ಮೂವರನ್ನು ನೋಡಿದರಂತೆ. ಇವರ ಮನೆಯಲ್ಲಿ ಬಡತನ. ಹೊಲದಾಚೆ ಓಡಿಹೋಗಿ ನೆಲಕ್ಕೆ ಬಿದ್ದು ಅತ್ತರು. ತಾಯಿ ಹುಡುಕಿಕೊಂಡು ಬಂದರು. ಆ ಹುಡುಗ 1873ರಲ್ಲಿ ಅಮೆರಿಕಕ್ಕೆ ಬಂದರು. ವಿಸ್ಕಾನ್ಸಿನ್, ಡಕೋಟಾ, ಕೊನೆಗೆ ಆಲ್ಬರ್ಟಾ, ಹೀಗೆ ಮೂರು ಕಡೆ ಹೊಸದಾಗಿ ಜಮೀನು ಮಾಡಿದರು. ಹಗಲೆಲ್ಲ ಬೇಸಾಯ, ರಾತ್ರಿ ಓದು, ಬರಹ. ಐಸ್‌ಲ್ಯಾಂಡಿನ ಜನ ಅವರನ್ನು ತಮ್ಮ ದೊಡ್ಡ ಕವಿಗಳಲ್ಲಿ ಒಬ್ಬರೆಂದು ಒಪ್ಪಿಕೊಂಡರು. ಬೆಳಗಿನ ಜಾವ ಮೂರಕ್ಕೆ ಕಣ್ಣು ಎಳೆಯುವಾಗ ನಾನು ಅವರನ್ನು ನೆನೆಸಿಕೊಂಡು ಪುಸ್ತಕ ಬಿಡಿಸಿದ್ದುಂಟು.

ನನ್ನ ಜೊತೆ ಡ್ಯೂಟಿ ಬದಲಾಯಿಸಿಕೊಂಡ ಫಿಲಿಪೀನ್ಸ್‌ನ ಗೆಳತಿಗೆ ಥ್ಯಾಂಕ್ಸ್. ಪುಸ್ತಕದ ಗಡುವನ್ನು ಮತ್ತೆ ಮತ್ತೆ ಮುಂದೆ ಹಾಕಿಕೊಟ್ಟ ಲೈಬ್ರರಿಯವರಿಗೆ, ದಾಖಲೆಗಳಿಗಾಗಿ ಊರಲ್ಲಿ ಕಚೇರಿಯಿಂದ ಕಚೇರಿಗೆ ಅಲೆದ ಅಣ್ಣನಿಗೆ, ಮಗಳನ್ನು ನೋಡಿಕೊಂಡು ಒಂದು ದಿನವೂ ಗೊಣಗದ ನನ್ನವರಿಗೆ ಕೂಡ.

ಇದೇ ಪರೀಕ್ಷೆಗೆ ಓದುತ್ತಿರುವ ಕನ್ನಡದ ಹುಡುಗಿಯರು, ಹುಡುಗರು ಇದ್ದರೆ ಸಂಕೋಚ ಬೇಡ, ನನಗೆ ತಿಳಿಸಿ. ಭಾನುವಾರ ಸಂಜೆ ಫೋನ್ ಮಾಡಿ, ಸ್ಪೀಕರ್ ಹಾಕಿಟ್ಟು ನಿಮ್ಮ ಅಡುಗೆ ಮಾಡಿಕೊಳ್ಳಿ. ಪ್ರಶ್ನೆಗಳನ್ನು ನಾನು ಓದುತ್ತೇನೆ.